ಕೆಳಗಿನ ಡ್ರಾಯರ್ ಮಕ್ಕಳದ್ದು

ನನ್ನ ಪ್ರಯೋಗಾಲಯ ಅಬುಧಾಬಿಯಲ್ಲಿ, ಮನೆ ದುಬೈಯಲ್ಲಿ. ವಾರದ ದಿನಗಳಲ್ಲಿ ಮಕ್ಕಳ ಜೊತೆ ಸಿಗುವುದು ಸಂಜೆಯ ಎರಡು ಗಂಟೆ. ನಿಮ್ಮಲ್ಲಿ ಅನೇಕರದ್ದೂ ಇದೇ ಕಥೆ ಇರಬಹುದು. ಶಾಲೆಯಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಹಿಂದಿ. ಕನ್ನಡಕ್ಕೆ ಉಳಿಯುವುದು ಊಟದ ಹೊತ್ತು. ಆ ಹೊತ್ತಿನಲ್ಲಿ ನಾವು ಆಡುವ ಕನ್ನಡವನ್ನು ಒಮ್ಮೆ ಗಮನಿಸಿ: "ಬಾ, ಕೂತ್ಕೋ, ತಿನ್ನು, ಬೇಗ." ಇದಕ್ಕೆ ಮಗು "ನೋ" ಅಂದರೆ ಮುಗಿಯಿತು. ಸೌಟು ಮಗುವಿನ ಕೈಗೆ ಹೋದರೆ ಮಾತೇ ಬದಲಾಗುತ್ತದೆ. "ಇನ್ನೊಂದ್ ಸೌಟು ಹಾಕ್ಲಾ? ತುಳುಕ್ತು! ನಾನೇ ಒರೆಸ್ತೀನಿ."

ಇದು ಹೊಸ ಫ್ಯಾಷನ್ ಅಲ್ಲ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತೆರೆದ ಮಕ್ಕಳ ಮನೆಯಲ್ಲಿ ಎಲ್ಲವನ್ನೂ ಮಕ್ಕಳ ಎತ್ತರಕ್ಕೇ ಇಟ್ಟಿದ್ದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ನಮ್ಮವರಿಗೂ ತರಬೇತಿ ಕೊಟ್ಟರು.

ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಬೇಕಿಲ್ಲ. ಎಲ್ಲಕ್ಕಿಂತ ಕೆಳಗಿನ ಡ್ರಾಯರ್ ಖಾಲಿ ಮಾಡಿ. ಚಿಕ್ಕ ಸ್ಟೀಲ್ ತಟ್ಟೆ, ಬಟ್ಟಲು, ಲೋಟ, ಗಿಡ್ಡ ಹಿಡಿಯ ಚಮಚ, ಒರೆಸುವ ಬಟ್ಟೆ ಇಡಿ. ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಮೊಸರು, ಹೆಚ್ಚಿದ ಸೌತೆಕಾಯಿ, ಬೀಜ ತೆಗೆದು ಸಣ್ಣಗೆ ಕತ್ತರಿಸಿದ ಖರ್ಜೂರ. ಡಬ್ಬಿಗಳ ಮೇಲೆ ಕನ್ನಡದಲ್ಲೇ ಹೆಸರು ಬರೆಯಿರಿ. ಪ್ರಯೋಗಾಲಯದಲ್ಲಿ ಚೀಟಿ ಅಂಟಿಸುವ ಅಭ್ಯಾಸ ನನಗೆ ಇಲ್ಲಿ ಕೆಲಸಕ್ಕೆ ಬಂತು. ದೊಡ್ಡವಳು ಮೊದಲು ಓದಿದ ಪದ "ಅವಲಕ್ಕಿ".

ಕೆಲವು ಎಚ್ಚರಿಕೆ ಬೇಕು. ಇಡೀ ಶೇಂಗಾ, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಚಿಕ್ಕವರ ಕೈಗೆ ಸಿಗದಂತೆ ಮೇಲಿಡಿ. ನೀರಿನ ಡಿಸ್ಪೆನ್ಸರಿನ ಬಿಸಿ ನಲ್ಲಿಗೆ ಲಾಕ್ ಇರಲಿ. ಬೇಸಿಗೆಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿ ನೀರೇ ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಹಾಗಾಗಿ ಕುಡಿಯುವ ನೀರನ್ನು ಪುಟ್ಟ ಜಗ್ಗಿನಲ್ಲಿ ಅರ್ಧ ತುಂಬಿಸಿಡಿ. ಮೊಸರನ್ನ, ಪಲ್ಯ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಕುದಿಯುವ ಸಾರು, ಒಲೆ ದೊಡ್ಡವರದ್ದೇ.

"ಹಾಗಾದರೆ ದಿನವಿಡೀ ತಿಂಡಿ ತಿಂತಾ ಇರ್ತಾರಲ್ಲ?" ಎಂದು ನೀವು ಕೇಳಬಹುದು. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿದ ಪಾಲು ನಮಗೆ ಸರಿಹೋಯಿತು: ಏನು, ಯಾವಾಗ, ಎಲ್ಲಿ ಎಂಬುದು ತಂದೆ-ತಾಯಿಯ ತೀರ್ಮಾನ, ತಿನ್ನುವುದೋ ಬೇಡವೋ, ಎಷ್ಟು ತಿನ್ನುವುದು ಎಂಬುದು ಮಗುವಿನದು.

ಇದೆಲ್ಲ ಹಿರಿಯರಿಗೆ ಒಪ್ಪಿಗೆಯಾಗುವುದು ಸುಲಭವಲ್ಲ. ನಮ್ಮಲ್ಲಿ ಬಡಿಸುವುದೆಂದರೆ ಪ್ರೀತಿ. ಊರಿನಿಂದ ಬಂದಿದ್ದ ಅತ್ತೆ, "ಅಷ್ಟು ಚಿಕ್ಕ ಮಗೂಗೆ ಬಡಿಸೋಕೂ ನಿಮಗೆ ಪುರುಸೊತ್ತಿಲ್ವಾ?" ಎಂದು ನೊಂದುಕೊಂಡರು. ವಾದ ಮಾಡಿ ಗೆಲ್ಲುವ ವಿಷಯವಲ್ಲ ಇದು. ಶುಕ್ರವಾರ ರಾತ್ರಿಯ ಕೈತುತ್ತು ಅಜ್ಜಿಯದ್ದೇ ಎಂದು ಒಪ್ಪಂದವಾಯಿತು. ಎರಡನೇ ವಾರ ಮೂರು ವರ್ಷದ ಚಿಕ್ಕವನು ಅವರ ತಟ್ಟೆಗೆ ಪಲ್ಯ ಹಾಕಿ, "ಸಾಕಾ ಅಜ್ಜಿ, ಇನ್ನೂ ಬೇಕಾ?" ಎಂದ. ಬಡಿಸುವ ಪದ್ಧತಿ ನಮ್ಮ ಮನೆ ಬಿಟ್ಟು ಹೋಗಿಲ್ಲ ಎಂದು ಅತ್ತೆಗೂ ಅನ್ನಿಸಿತು.

ನೀವು ಒಮ್ಮೆಲೇ ಇಡೀ ಅಡುಗೆಮನೆ ಬದಲಿಸಬೇಡಿ. ಈ ಶನಿವಾರ ಒಂದು ಜಗ್ಗು, ಒಂದು ಲೋಟ, ಒಂದು ಬಟ್ಟೆ ಸಾಕು. ನೀರು ಚೆಲ್ಲುತ್ತದೆ, ಚೆಲ್ಲಲಿ. "ಚೆಲ್ಲು", "ಒರೆಸು", "ಹಿಂಡು" ಎಂಬ ಮೂರು ಪದಗಳು ಅಂದೇ ಮಗುವಿನದಾಗುತ್ತವೆ.