ಕೇಳಿಸಿತೆಂದುಕೊಂಡ ದನಿ

ಉದಕಮಂಡಲದಿಂದ ಪಾಲಡಾ ಕಡೆಗೆ ಹೋಗುವ ಹಾದಿಯಲ್ಲಿ, ಕ್ಯಾರೆಟ್ ಮತ್ತು ಆಲೂಗಡ್ಡೆಯ ಹೊಲಗಳ ನೆರೆಯಲ್ಲಿ, ಮುತ್ತೋರೈ ಎಂಬಲ್ಲಿ ಬೆಟ್ಟದ ಇಳಿಜಾರಿಗೆ ಒರಗಿದಂತೆ ಉದ್ದನೆಯದೊಂದು ಉಕ್ಕಿನ ರಚನೆಯಿದೆ. ನೀಲಗಿರಿಯಲ್ಲಿ ನೆಲೆಸಿರುವ ನಾವು ಅದನ್ನು ನೋಡುತ್ತಲೇ ಬೆಳೆದವರು. ಮೈಸೂರು, ಚಾಮರಾಜನಗರಗಳಿಂದ ನೆಂಟರು ಬಂದಾಗ ಅವರನ್ನು ಸಸ್ಯೋದ್ಯಾನಕ್ಕೆ, ಕೆರೆಗೆ, ದೊಡ್ಡಬೆಟ್ಟಕ್ಕೆ ಕರೆದೊಯ್ದಿದ್ದೇವೆ. ಇದರ ಮುಂದೆ ನಿಲ್ಲಿಸಿ ಎರಡು ಮಾತು ಹೇಳಿದ್ದು ಮಾತ್ರ ಇಲ್ಲ. ಏನು ಹೇಳಬೇಕೆಂಬುದು ನಮಗೇ ತಿಳಿದಿರಲಿಲ್ಲ.

ಅದು ಊಟಿಯ ರೇಡಿಯೊ ದೂರದರ್ಶಕ. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ ಕಟ್ಟಿದ ಇದು 1970ರಲ್ಲಿ ಕೆಲಸ ಆರಂಭಿಸಿತು. ಉದ್ದ 530 ಮೀಟರ್, ಅಗಲ 30 ಮೀಟರ್. ನಮ್ಮ ಬೆಟ್ಟವನ್ನೇ ಆರಿಸಿಕೊಂಡದ್ದಕ್ಕೆ ಒಂದು ಸೊಗಸಾದ ಕಾರಣವಿದೆ. ಈ ಸ್ಥಳದ ಅಕ್ಷಾಂಶ ಸುಮಾರು 11 ಡಿಗ್ರಿ. ಇಳಿಜಾರಿನ ಕೋನವೂ ಅಷ್ಟೇ. ಆದುದರಿಂದ ಇಲ್ಲಿ ಒರಗಿಸಿದ ದೂರದರ್ಶಕದ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುತ್ತದೆ. ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಹೊರಳಿಸುತ್ತಿದ್ದರೆ ಆಕಾಶದ ಒಂದು ಬಿಂದುವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು.

ದೂರದ ಗೆಲಾಕ್ಸಿಗಳಿಂದ, ಅಂದರೆ ನಕ್ಷತ್ರಗಳ ಮಹಾಸಮೂಹಗಳಿಂದ, ಬರುವ ರೇಡಿಯೊ ಅಲೆಗಳನ್ನು ಚಂದ್ರನು ಅಡ್ಡ ಬಂದು ಮರೆಮಾಡಿದಾಗ ಆ ಅಲೆಗಳು ಕುಂದುವ ಬಗೆಯನ್ನು ಇಲ್ಲಿ ಅಳೆದರು. ಅದರಿಂದ ಆ ಆಕರಗಳ ಗಾತ್ರ ತಿಳಿಯಿತು. ಹೀಗೆ ಅಳೆದ ಆಕರಗಳನ್ನು ಹೋಲಿಸಿ ಸ್ವರೂಪ್ ಮತ್ತು ವಿಜಯ್ ಕಪಾಹಿ 1975ರಲ್ಲಿ ಒಂದು ಮುಖ್ಯ ಸಂಗತಿಯನ್ನು ಮುಂದಿಟ್ಟರು. ಬಹುದೂರದ ಗೆಲಾಕ್ಸಿಗಳು, ಎಂದರೆ ಬಹುಹಿಂದಿನವು, ಹತ್ತಿರದವುಗಳಂತಿಲ್ಲ. ವಿಶ್ವವು ಎಂದೆಂದಿಗೂ ಹೀಗೆಯೇ ಇದೆ ಎಂಬ ವಾದಕ್ಕೆ ಇದು ಪ್ರತಿಕೂಲವಾದ ಸಾಕ್ಷ್ಯವಾಯಿತು. ಗೆಲಾಕ್ಸಿಗಳಿಗೂ ಬಾಲ್ಯ ಯೌವನಗಳಿವೆ ಎಂಬ ಅರಿವಿಗೆ ನಮ್ಮ ಕ್ಯಾರೆಟ್ ಹೊಲಗಳ ನೆರೆಯಿಂದಲೂ ಒಂದು ಕಾಣಿಕೆ ಸಂದಿದೆ.

ಬಾಲ್ಯವಿದ್ದುದಕ್ಕೆ ಹುಟ್ಟೂ ಇರಬೇಕಲ್ಲವೆ? ಮಹಾಸ್ಫೋಟವಾಗಿ ಸುಮಾರು 1380 ಕೋಟಿ ವರ್ಷಗಳಾದವು. ಮೊದಲ ಕೆಲವು ಲಕ್ಷ ವರ್ಷಗಳ ಬಳಿಕ ವಿಶ್ವವು ತಣಿದು, ಮುಖ್ಯವಾಗಿ ಹೈಡ್ರೋಜನ್ ತುಂಬಿದ ಕತ್ತಲೆಯಾಯಿತು. ತುಸು ದಟ್ಟವಾಗಿದ್ದ ಎಡೆಗಳು ಗುರುತ್ವದಿಂದ ಸುತ್ತಲಿನ ಅನಿಲವನ್ನು ಸೆಳೆದುಕೊಂಡು ಮೊದಲ ನಕ್ಷತ್ರಗಳು ಹೊತ್ತಿದವು. ಅವುಗಳ ಬೆಳಕು ಬಿದ್ದಾಗ ಸುತ್ತಲಿನ ತಣ್ಣನೆಯ ಹೈಡ್ರೋಜನ್, ಹಿನ್ನೆಲೆಯ ವಿಕಿರಣದಿಂದ 21 ಸೆಂಟಿಮೀಟರ್ ಉದ್ದದ ಅಲೆಯನ್ನು ತುಸುವಾಗಿ ಹೀರಿಕೊಳ್ಳುತ್ತದೆ. ವಿಶ್ವ ಹಿಗ್ಗಿದಂತೆ ಆ ಅಲೆಯೂ ಹಿಗ್ಗಿ, ನಮ್ಮನ್ನು ತಲುಪುವಾಗ ಮೂರು ನಾಲ್ಕು ಮೀಟರ್ ಉದ್ದವಾಗಿರುತ್ತದೆ. ಅದು ನಾವು ಎಫ್.ಎಂ. ಕೇಳುವ ಪಟ್ಟಿಯ ನೆರೆಹೊರೆ. ಮೊದಲ ಗೆಲಾಕ್ಸಿಗಳ ಗುರುತು ಅಲ್ಲೊಂದು ಸಣ್ಣ ತಗ್ಗಾಗಿ ಕಾಣಬೇಕು. ನಮ್ಮ ಆಕಾಶಗಂಗೆಯ ಸದ್ದು ಅದಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಅದರ ಮೇಲೆ ಮನುಷ್ಯರ ಪ್ರಸಾರಗಳ ಗದ್ದಲ.

ಸದ್ದಿನೊಳಗೆ ದನಿ ಹುಡುಕುವುದು ಹೇಗಿರುತ್ತದೆಂಬುದನ್ನು ನಾವು ಬಲ್ಲೆವು. ನಮ್ಮ ಮನೆಯಲ್ಲಿ ರಾತ್ರಿ ಹೊತ್ತು ಬೆಂಗಳೂರು ಆಕಾಶವಾಣಿಯನ್ನು ಹಿಡಿಯಲು ಹೆಣಗುತ್ತಿದ್ದೆವು. ಮಳೆಗಾಲದಲ್ಲಂತೂ ಕರಕರ ಸದ್ದೇ ಹೆಚ್ಚು. ತಂದೆಯವರು ಒಮ್ಮೆ ಶ್ರೋತೃಗಳ ಪತ್ರಗಳ ಕಾರ್ಯಕ್ರಮಕ್ಕೆ ಕಾಗದ ಬರೆದು, ಅದನ್ನು ಓದುವರೆಂದು ವಾರಗಟ್ಟಲೆ ಕಾದರು. ಒಂದು ರಾತ್ರಿ ಸದ್ದಿನ ನಡುವೆ ನಮ್ಮ ಊರಿನ ಹೆಸರು ಕೇಳಿಸಿತು. ತಂದೆಯವರಿಗೆ ಕೇಳಿಸಿತು, ಅಕ್ಕನಿಗೆ ಕೇಳಿಸಿತು. ಕೇಳಿಸದಿದ್ದ ಉಳಿದವರೂ ಕೇಳಿಸಿತೆಂದೇ ಹೇಳಿದೆವು. ಮರುದಿನ ನೆರೆಯವರಿಗೆಲ್ಲ ಸಕ್ಕರೆ ಹಂಚಿದ್ದಾಯಿತು. ತಿಂಗಳ ಬಳಿಕ ಬಂದ ಸೋದರಮಾವ, ತಾನು ಬೆಂಗಳೂರಿನಲ್ಲಿ ಅದೇ ಕಾರ್ಯಕ್ರಮವನ್ನು ಸ್ಪಷ್ಟವಾಗಿ ಕೇಳಿದ್ದಾಗಿಯೂ ಆ ದಿನ ನಮ್ಮ ಪತ್ರವನ್ನು ಓದಲಿಲ್ಲವೆಂದೂ ತಿಳಿಸಿದರು. ಸುಳ್ಳು ಹೇಳಬೇಕೆಂದು ನಮ್ಮಲ್ಲಿ ಯಾರೂ ಬಗೆದಿರಲಿಲ್ಲ. ಆಸೆ ದೊಡ್ಡದಿತ್ತು, ಅಷ್ಟೆ.

2018ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ನಿರ್ಜನ ಬಯಲಿನಿಂದ ಒಂದು ಸುದ್ದಿ ಬಂದಿತು. ಜಡ್ ಬೌಮನ್ ಅವರ ತಂಡ 'ಎಡ್ಜಸ್' ಎಂಬ ಪುಟ್ಟ ಉಪಕರಣದಿಂದ 78 ಮೆಗಾಹರ್ಟ್ಸ್ ಸುತ್ತ ಆ ತಗ್ಗನ್ನು ಕಂಡೆವೆಂದು ಪ್ರಕಟಿಸಿತು. ಅದು ಸಿದ್ಧಾಂತಗಳು ಹೇಳಿದ್ದಕ್ಕಿಂತ ಇಮ್ಮಡಿಗೂ ಮಿಗಿಲು ಆಳವಾಗಿತ್ತು. ಅದನ್ನು ವಿವರಿಸಲು ಹೊಸ ಭೌತಶಾಸ್ತ್ರವೇ ಬೇಕೆಂದು ಲೇಖನಗಳು ಸಾಲುಗಟ್ಟಿ ಬಂದವು. ಆದರೆ ಆ ತಗ್ಗು ಆಕಾಶದ್ದೋ ಉಪಕರಣದ್ದೋ ಎಂದು ಇನ್ನೊಬ್ಬರು ಬೇರೆಡೆಯಿಂದ ಕೇಳಿ ನೋಡಬೇಕಿತ್ತು.

ಆ ಕೆಲಸವನ್ನು ಮಾಡಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಸಂಗಡಿಗರ ಉಪಕರಣದ ಹೆಸರು 'ಸರಸ್'. ನೆಲದ ಮೇಲಿಟ್ಟರೆ ಕೆಳಗಿನ ಮಣ್ಣು, ಕಲ್ಲು, ತೇವಗಳ ಪದರಗಳೂ ಅಲೆಗಳಲ್ಲಿ ತಮ್ಮ ಛಾಯೆಯನ್ನು ಬೆರೆಸುತ್ತವೆ. ನೀರಾದರೆ ಎಲ್ಲೆಡೆ ಒಂದೇ ಸಮ. ಆದಕಾರಣ 2020ರ ಆರಂಭದಲ್ಲಿ ಅವರು ಆಂಟೆನಾವನ್ನು ತೆಪ್ಪದ ಮೇಲಿರಿಸಿ, ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. ಬಳಿಕ ಎರಡು ವರ್ಷಗಳ ಕಾಲ ಆ ದಾಖಲೆಗಳನ್ನು ಸೋಸಿದರು. 2022ರ ಫೆಬ್ರುವರಿಯಲ್ಲಿ ಅವರ ಉತ್ತರ ಪ್ರಕಟವಾಯಿತು: ಆಸ್ಟ್ರೇಲಿಯದಲ್ಲಿ ಕಂಡ ತಗ್ಗು ತಮಗೆ ಕಾಣಲಿಲ್ಲ, ಶೇಕಡ 95.3ರ ಭರವಸೆಯಿಂದ ಅದನ್ನು ತಳ್ಳಿಹಾಕಬಹುದು.

'ಇಲ್ಲ' ಎಂಬ ಈ ಉತ್ತರವನ್ನು ಮೊದಲು ಓದಿದಾಗ ನಮಗೆ ನಿರಾಸೆಯಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಕನ್ನಡ ನಾಡಿನ ನೀರಿನ ಮೇಲೆ ಕುಳಿತು ಕೇಳಿದವರಿಗೆ ವಿಶ್ವದ ಅರುಣೋದಯ ಕೇಳಿಸಿತೆಂದಿದ್ದರೆ ಎಷ್ಟು ಚೆನ್ನಿತ್ತು! ಆದರೆ ಅದೇ ವರ್ಷದ ನವೆಂಬರಿನಲ್ಲಿ ಅದೇ ದಾಖಲೆಗಳಿಂದ ಇನ್ನೊಂದು ತಿಳಿವು ಬಂದಿತು. ಮಹಾಸ್ಫೋಟದ 20 ಕೋಟಿ ವರ್ಷಗಳ ಬಳಿಕ ಇದ್ದ ಗೆಲಾಕ್ಸಿಗಳು ರೇಡಿಯೊ ಅಲೆಗಳಲ್ಲಿ ಎಷ್ಟು ಪ್ರಖರವಾಗಿ ಇದ್ದಿರಬಹುದೆಂಬುದಕ್ಕೆ ಅವರು ಒಂದು ಮಿತಿಯನ್ನು ಹಾಕಿಕೊಟ್ಟರು. ದನಿ ಕೇಳಿಸದೆ ಇದ್ದುದರಿಂದಲೇ, ಅದು ಎಷ್ಟು ಜೋರಾಗಿರಲಾರದು ಎಂಬುದು ತಿಳಿಯಿತು. ಅತ್ತ ಜೇಮ್ಸ್ ವೆಬ್ ದೂರದರ್ಶಕವು 29 ಕೋಟಿ ವರ್ಷದ ವಿಶ್ವದಲ್ಲಿದ್ದ ಗೆಲಾಕ್ಸಿಯೊಂದನ್ನು ನೇರವಾಗಿ ಕಂಡಿತು. ಅದು ನಿರೀಕ್ಷೆಗಿಂತ ಬೆಳಕಾಗಿತ್ತು. ಅದಕ್ಕೂ ಬಹಳ ಹಿಂದಿನದಕ್ಕೆ ಕಿವಿಯೂ ಬೇಕು. ರಾಮನ್ ಸಂಸ್ಥೆಯವರು ಈಗ ಚಂದ್ರನ ಆಚೆ ಬದಿಯ ನಿಶ್ಶಬ್ದದಿಂದ ಕೇಳುವ 'ಪ್ರತ್ಯುಷ್' ಯೋಜನೆಯನ್ನು ಸಿದ್ಧಪಡಿಸುತ್ತಿದ್ದಾರೆ.

ಈ ಲೇಖನವನ್ನು ಸಂಘದ ಸಂಚಿಕೆಗೆ ಬರೆಯಲು ಒಂದು ಕಾರಣವಿದೆ. ಸಮ್ಮೇಳನದ ಸಿದ್ಧತೆಗೆಂದು ನಾವು ಕೆಲವರು ಕುಳಿತು, ನಮ್ಮ ಬೀದಿಯ ಮಕ್ಕಳಲ್ಲಿ ಕನ್ನಡ ಬಲ್ಲವರ ಪಟ್ಟಿ ಮಾಡಿದೆವು. ಹನ್ನೊಂದು ಹೆಸರುಗಳಾದವು. ಅಜ್ಜಿಗೆ 'ಊಟ ಆಯ್ತು' ಎಂದು ಉತ್ತರಿಸಿದ ಮಗುವನ್ನೂ ಸೇರಿಸಿಕೊಂಡಿದ್ದೆವು. ನಮಗೆ ಆ ಹಳೆಯ ರೇಡಿಯೊ ರಾತ್ರಿ ನೆನಪಾಯಿತು. ಪಟ್ಟಿಯನ್ನು ಬದಿಗಿರಿಸಿ, ಮಕ್ಕಳನ್ನು ಕೂರಿಸಿಕೊಂಡು, ಒಂದೊಂದು ಪುಟ ಓದಿಸಿ ನೋಡಿದೆವು. ನಾಲ್ಕು ಹೆಸರುಗಳು ಉಳಿದವು.

ವರದಿಯಲ್ಲಿ ನಾಲ್ಕೆಂದೇ ಬರೆದಿದ್ದೇವೆ. ಬರೆಯುವಾಗ ಕೈ ಹಿಂಜರಿದದ್ದು ನಿಜ. ಆದರೆ ಹನ್ನೊಂದೆಂದು ಬರೆದಿದ್ದರೆ ಮುಂದೆ ಮಾಡಬೇಕಾದ ಕೆಲಸವೇನೂ ಇರುತ್ತಿರಲಿಲ್ಲ. ಈಗ ಉಳಿದ ಏಳು ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಅಕ್ಷರ ಕಲಿಸಲು ಆರಂಭಿಸಿದ್ದೇವೆ. ಬಲ್ಲ ನಾಲ್ವರು ಜೊತೆಗಿದ್ದಾರೆ. ಕಳೆದ ವಾರ ಹನ್ನೊಂದು ಮಕ್ಕಳನ್ನೂ ಮುತ್ತೋರೈಗೆ ಕರೆದೊಯ್ದು, ಬೇಲಿಯ ಹೊರಗೆ ನಿಲ್ಲಿಸಿ, ಇದೇ ಕಥೆಯನ್ನು ಕನ್ನಡದಲ್ಲಿ ಹೇಳಿದೆವು. ನಡುನಡುವೆ ತಮಿಳಿನಲ್ಲಿ ವಿವರಿಸಬೇಕಾಯಿತು. ಎಷ್ಟು ಬಾರಿ ಎಂಬುದನ್ನು ಎಣಿಸಿಟ್ಟುಕೊಂಡಿದ್ದೇವೆ. ಬರುವ ವರ್ಷ ಮತ್ತೆ ಅಲ್ಲಿಯೇ ನಿಂತು ಎಣಿಸಬೇಕೆಂದಿದ್ದೇವೆ.