ವಾಗ್ದಾನದ ಕಾರ್ಡು, ಪೂರ್ತಿ ಕಾಗದ

ಹೊಸ ವರ್ಷದ ಹಿಂದಿನ ರಾತ್ರಿಯ ಆರಾಧನೆ ಮುಗಿದಾಗ ಬೆಂಗಳೂರಿನ ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಅನೇಕ ಸಭೆಗಳಲ್ಲಿ ವಾಗ್ದಾನದ ಕಾರ್ಡು ಹಂಚುತ್ತಾರೆ. ಒಂದು ವಚನ, ಹಿನ್ನೆಲೆಗೊಂದು ಹೂವಿನ ಚಿತ್ರ. ಜನಕ್ಕೆ ಬಹಳ ಪ್ರಿಯವಾದದ್ದು ಯೆರೆಮೀಯ 29:11, ದೇವರು ನಿಮ್ಮ ಹಿತವನ್ನೇ ಯೋಚಿಸಿದ್ದಾನೆ ಎಂಬ ಭರವಸೆ. ಆ ಮಾತು ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದದೊಳಗಿನದು. ಅದರ ಹಿಂದಿನ ವಚನವೇ ಬಿಡುಗಡೆಗೆ 70 ವರ್ಷ ಎನ್ನುತ್ತದೆ. ಎಂದರೆ ಕಾಗದ ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರಿಗೆ ಊರಿಗೆ ಮರಳುವ ಆಸೆಯೇ ಉಳಿಯಲಿಲ್ಲ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಸೆರೆಯೊಯ್ದ ಪಟ್ಟಣದ ಕ್ಷೇಮಕ್ಕೇ ಪ್ರಾರ್ಥಿಸಿ ಎಂದು ಕಾಗದ ಶುರುವಾಗುತ್ತದೆ. ಇನ್ನೊಂದು ಅಧ್ಯಾಯ ಹಿಂದಕ್ಕೆ ಹೋದರೆ ಹನನ್ಯ ಸಿಗುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆಂದು ಸಾರಿದವನು. ಜನರನ್ನು ಸುಳ್ಳು ನಂಬಿಸಿದೆ ಎಂದು ಯೆರೆಮೀಯ ಅವನನ್ನು ಮುಖಕ್ಕೇ ಖಂಡಿಸಿದ. ಕಾರ್ಡನ್ನಷ್ಟೇ ಓದುವವರು ಯೆರೆಮೀಯನ ಮಾತನ್ನು ಹನನ್ಯನ ದನಿಯಲ್ಲಿ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ನನ್ನ ತಕರಾರು.

ವೈಯಕ್ತಿಕ ಅಧ್ಯಯನಕ್ಕೆ ಬೈಬಲ್ ಕೇಂದ್ರವಾಗಬೇಕು ಎಂದರೆ ವಚನಗಳನ್ನು ಹೆಚ್ಚು ಬಳಸಬೇಕು ಎಂದಲ್ಲ. ಮತ್ತಾಯನ 4ನೆಯ ಅಧ್ಯಾಯದಲ್ಲಿ ಸೈತಾನನೂ 91ನೆಯ ಕೀರ್ತನೆಯನ್ನು ಎತ್ತಿ ಹೇಳುತ್ತಾನೆ. ಪುಸ್ತಕವನ್ನು ಪುಸ್ತಕವಾಗಿ, ಹಿಂದುಮುಂದು ನೋಡಿಕೊಂಡು, ಎಲ್ಲಕ್ಕಿಂತ ಮೊದಲು ಓದಬೇಕು. ಧ್ಯಾನದ ಕಿರುಹೊತ್ತಗೆ, ಯೂಟ್ಯೂಬ್ ಪ್ರಸಂಗ, ವ್ಯಾಖ್ಯಾನಗಳೆಲ್ಲ ಆಮೇಲೆ. ಬಿಡಿವಚನದ ಚಾಳಿಗೆ ಅಂಕಿಗಳ ಕುಮ್ಮಕ್ಕೂ ಇದೆ. ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆ ಹಾಕಿದ್ದು 1551ರಲ್ಲಿ, ರೋಬೇರ್ ಎಸ್ತಿಯೆನ್ ಎಂಬ ಮುದ್ರಕ. ಪೌಲ ಬರೆದದ್ದು ಕಾಗದಗಳನ್ನು, ಅಂಕಿ ಹಾಕಿದ ಸಾಲುಗಳನ್ನಲ್ಲ. ಕನ್ನಡಕ್ಕೆ ಇಡೀ ಬೈಬಲ್ ಬಂದದ್ದೂ ಸುಲಭಕ್ಕಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದಕ್ಕಾಗಿ ವರ್ಷಗಟ್ಟಲೆ ದುಡಿದ. ಅಷ್ಟೆಲ್ಲ ಪಾಡು ಪಟ್ಟದ್ದು ನಾವು ಅದನ್ನು ಚೀಟಿಚೀಟಿಯಾಗಿ ಹರಿದುಕೊಳ್ಳಲೆಂದೇನೂ ಅಲ್ಲ.

ಒಬ್ಬೊಬ್ಬರೇ ಓದಿದರೆ ಮನಸ್ಸಿಗೆ ಬಂದ ಅರ್ಥ ಹಚ್ಚುವುದಿಲ್ಲವೇ ಎನ್ನುತ್ತಾರೆ. ಹಚ್ಚುತ್ತಾರೆ, ನಿಜ. ಅದಕ್ಕೇ ಪಂಡಿತರು ಬೇಕು. 1910ರಲ್ಲಿ ಶುರುವಾದ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಂಥ ಕಡೆ ಹೀಬ್ರೂ, ಗ್ರೀಕ್ ಕಲಿತವರ ನೆರವನ್ನು ಬೇಡವೆನ್ನುವುದು ಬರೀ ಜಂಬ. ಆದರೆ ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದ ಐಥಿಯೋಪ್ಯದ ಕಂಚುಕಿಯನ್ನು ನೋಡಿ. ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ಅರ್ಥವಾದೀತು ಎಂದು ಕೇಳಿದವನು ಅವನೇ. ಫಿಲಿಪ್ಪ ಬರುವಷ್ಟರಲ್ಲಿ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಲೂ ಇದ್ದ. ಓದಿದ್ದರಿಂದ ಪ್ರಶ್ನೆ ಹುಟ್ಟಿತ್ತು, ಪ್ರಶ್ನೆ ಇದ್ದುದರಿಂದ ವ್ಯಾಖ್ಯಾನ ದಕ್ಕಿತು. ಅದೇ ಪುಸ್ತಕದಲ್ಲಿ ಬರುವ ಬೆರೋಯ ಊರಿನವರಂತೂ ಪೌಲನ ಪ್ರಸಂಗವನ್ನೇ ದಿನದಿನವೂ ಶಾಸ್ತ್ರಗ್ರಂಥದೊಡನೆ ತಾಳೆನೋಡಿದರು, ಲೂಕ ಅದನ್ನು ಮೆಚ್ಚಿಯೇ ಬರೆದಿದ್ದಾನೆ. ಗ್ರಂಥ ಕೈಗೆ ಬಂದದ್ದೇ ಸಭೆಯಿಂದಲ್ಲವೇ ಎಂಬುದು ಕ್ಯಾಥೊಲಿಕರ ಪ್ರಶ್ನೆ, ತೂಕದ ಪ್ರಶ್ನೆ. ಆದರೂ ಎರಡನೆಯ ವ್ಯಾಟಿಕನ್ ಸಭೆ 1965ರಲ್ಲಿ ಹೊರಡಿಸಿದ ‘ದೇಯಿ ವೆರ್ಬುಮ್’ ವಿಶ್ವಾಸಿಗಳೆಲ್ಲ ಗ್ರಂಥವನ್ನು ಮತ್ತೆ ಮತ್ತೆ ಓದಬೇಕೆಂದೇ ಹೇಳಿತು. ಸಭೆಯ ಬೋಧನಾಧಿಕಾರ ದೈವವಾಕ್ಯದ ಸೇವೆಗಿದೆ, ಅದಕ್ಕಿಂತ ಮೇಲಿಲ್ಲ ಎಂದಿತು.

ದುಃಖದಲ್ಲಿರುವವರಿಗೆ ಒಂದೇ ವಚನ ಆಸರೆಯಾದರೆ ನಿಮಗೇನು ಕಷ್ಟ ಎಂದು ಕೇಳಿದರೆ, ಏನೂ ಇಲ್ಲ. ಆಸ್ಪತ್ರೆಯ ಮಂಚದ ಪಕ್ಕ ನಿಂತು ವ್ಯಾಖ್ಯಾನ ಹೇಳುವಷ್ಟು ಕಟುಕರು ನಾವಾಗಬೇಕಿಲ್ಲ. ಆದರೆ ವರ್ಷ ಕಳೆದರೂ ಕಾಯಿಲೆ ವಾಸಿಯಾಗದಿದ್ದರೆ? ಬಿಡಿವಚನ ಅಲ್ಲಿಗೆ ಸುಮ್ಮನಾಗುತ್ತದೆ, ತಡವಾಗುವ ಬಿಡುಗಡೆಯನ್ನು ಮೊದಲೇ ಹೇಳಿದ ಪೂರ್ತಿ ಕಾಗದ ಸುಮ್ಮನಾಗುವುದಿಲ್ಲ.

ಇನ್ನೊಂದು ತೊಡಕು ದಂಡಿನ ಪ್ರದೇಶದ್ದೇ. 1809ರಿಂದ ಹಲವು ನುಡಿಗಳ ಜನ ಬಂದು ಸೇರಿದ ಕಂಟೋನ್ಮೆಂಟಿನಲ್ಲಿ, ಹಲಸೂರಿನ ಒಂದೇ ಮನೆಯಲ್ಲಿ ಅಜ್ಜಿ ತಮಿಳು ಓದುತ್ತಾರೆ, ಸೊಸೆ ಕನ್ನಡ, ಮೊಮ್ಮಗ ಇಂಗ್ಲಿಷ್. ಕೂಡಿ ಓದುವುದು ಹೇಗೆ? ನಾನು ದೂರಿದ ಎಸ್ತಿಯೆನ್ನನ ಅಂಕಿಗಳೇ ಇಲ್ಲಿ ಕೈಹಿಡಿಯುತ್ತವೆ. ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಯಲ್ಲಿ ಮೂರೂ ಭಾಷೆಯ ಪ್ರತಿಗಳು ಸಿಗುತ್ತವೆ. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ವಚನ ಓದಿದರೂ ಕುಟುಂಬ ಪ್ರಾರ್ಥನೆಯಲ್ಲಿ ಒಂದು ಅಧ್ಯಾಯ ಮುಗಿಯುತ್ತದೆ. ಎಲ್ಲಿ ಅರ್ಥವಾಗಲಿಲ್ಲ ಎಂದು ಮೊಮ್ಮಗ ಕೇಳುವುದಕ್ಕೂ ಹೊತ್ತು ಉಳಿಯುತ್ತದೆ.