ಅತ್ತೆ ಕಂಡ ಮೊದಲ ನಾಟಕ

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಊರುಗಳು. ಲಿಂಗಸುಗೂರು ನನ್ನ ತವರು, ಸಿಂಧನೂರು ಗಂಡನ ಮನೆ. ನಡುವಿನ ಮಸ್ಕಿ ನಮ್ಮ ಅತ್ತೆಯ ತವರು. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಅಲ್ಲಿಯೇ. ಆದರೆ ಅತ್ತೆಗೆ ಮಸ್ಕಿ ಎಂದರೆ ಜಾತ್ರೆಗೆ ಬರುತ್ತಿದ್ದ ನಾಟಕ ಕಂಪನಿಯದೇ ನೆನಪು. ಹೆಣ್ಣುಮಕ್ಕಳು ತಂಬುವಿನೊಳಗೆ ಕಾಲಿಡಬಾರದೆಂದು ಅವರ ತಂದೆಯ ಕಟ್ಟಪ್ಪಣೆ. ರಾತ್ರಿ ಮಾಳಿಗೆಯ ಮೇಲೆ ಮಲಗಿ, ಕಣ್ಣು ಮುಚ್ಚಿಕೊಂಡು, ಗಾಳಿಯಲ್ಲಿ ತೇಲಿ ಬಂದ ಹಾಡು ಕೇಳುತ್ತಿದ್ದರಂತೆ. ಎಪ್ಪತ್ತು ದಾಟಿದರೂ ಒಂದು ನಾಟಕವನ್ನೂ ಕಂಡವರಲ್ಲ.

ಈಚೆಗೆ ಮೈದುನನ ಮಗುವಿನ ತೊಟ್ಟಿಲಿಗೆಂದು ಬೆಂಗಳೂರಿಗೆ ಹೋಗಿದ್ದೆವು. ಒಂದು ಸಂಜೆ ಬಿಡುವಿತ್ತು.

"ಅತ್ತಿ, ನಾಟಕ ನೋಡಿ ಬರೋಣೇನು?" ಎಂದೆ.

"ಈ ವಯಸ್ಸಿನಾಗ ನನಗ್ಯಾಕವ್ವಾ? ಮಂದಿ ಏನಂದಾರು?"

"ಇಲ್ಲಿ ನಮ್ಮನ್ನ ಬಲ್ಲ ಮಂದಿ ಯಾರದಾರ?" ಎಂದು ನಕ್ಕು ಹೊರಡಿಸಿದೆ.

ಟೌನ್‌ಹಾಲಿನ ಹತ್ತಿರ, ಜೆ.ಸಿ. ರಸ್ತೆಯಲ್ಲಿದೆ ರವೀಂದ್ರ ಕಲಾಕ್ಷೇತ್ರ. 1961ರಲ್ಲಿ ಬಂದ ಠಾಕೂರರ ಜನ್ಮಶತಾಬ್ದಿಯ ನೆನಪಿಗಾಗಿ ಕಟ್ಟಿ, 1963ರಲ್ಲಿ ತೆರೆದ ರಂಗಮಂದಿರವಿದು. ಹಿಂಭಾಗದ ಬಯಲು ರಂಗಮಂದಿರಕ್ಕೆ ನಾಟಕಕಾರ ಸಂಸರ ಹೆಸರು. ಬಿ.ವಿ. ಕಾರಂತರು 1972ರಲ್ಲಿ ಬಯಲಿನಲ್ಲಿ ಕಂಬಾರರ 'ಜೋಕುಮಾರಸ್ವಾಮಿ', ಲಂಕೇಶರ 'ಸಂಕ್ರಾಂತಿ' ಆಡಿಸಿ ಹೆಸರಾದದ್ದು ಇದೇ ಆವರಣದಲ್ಲಿ.

ಠಾಕೂರರ ಹೆಸರು ಕೇಳಿ ಅತ್ತೆ ನಿಂತರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನಮ್ಮ ಸಿಂಧನೂರು ತಾಲೂಕಿನ ಕ್ಯಾಂಪುಗಳಲ್ಲಿ ನೆಲೆಸಿವೆಯಲ್ಲ, ಅಲ್ಲಿಂದ ಮೀನು ಮಾರಲು ಬರುವ ಅಜ್ಜಿಯೊಬ್ಬರು ಅತ್ತೆಗೆ ಗೆಳತಿ. "ನಮ್ಮ ಕ್ಯಾಂಪಿನಾಕಿ ಹಾಡ್ತಾಳಲ್ಲ, ಅದೇ ಠಾಕೂರ?" ಎಂದರು. ಹೌದೆಂದೆ. ಪರಊರಿನ ಅಳುಕು ಅರ್ಧ ಕಳೆಯಿತು.

ಒಳಗೆ ಅತ್ತೆ ಸೆರಗು ಹೊದ್ದು ಹಿಂದಿನ ಸಾಲಿಗೇ ನಡೆದರು. "ನಮ್ಮ ಚೀಟಿ ಮುಂದಿನದು ಅತ್ತಿ" ಎಂದು ಕೈ ಹಿಡಿದು ಕರೆತಂದೆ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಒಟ್ಟಿಗೇ ಕೂತಿದ್ದರು. ದೀಪ ಆರಿತು, ಪರದೆ ಸರಿಯಿತು, ಹಾರ್ಮೋನಿಯಂ ನುಡಿಯಿತು.

ತಿರುಗಿ ನೋಡಿದರೆ ಅತ್ತೆ ಕಣ್ಣು ಮುಚ್ಚಿಕೊಂಡಿದ್ದಾರೆ! ನಿದ್ದೆ ಬಂತೇನೋ ಎಂದು ಮೆಲ್ಲಗೆ ಮುಟ್ಟಿದೆ.

"ಇಲ್ಲವ್ವಾ, ಕೇಳಾಕತ್ತೀನಿ" ಎಂದರು.

"ಕಣ್ಣು ತೆರೀರಿ ಅತ್ತಿ. ಇಲ್ಲಿ ನೋಡಬಹುದು."

ತೆರೆದ ಕಣ್ಣನ್ನು ಕೊನೆಯ ತನಕ ಮುಚ್ಚಲಿಲ್ಲ.

ಸೋದರಿಯರೇ, ಬೆಂಗಳೂರಿಗೆ ಹೋದಾಗ ಸೀರೆ ಅಂಗಡಿಗೆ ಮೀಸಲಿಟ್ಟ ಒಂದು ಸಂಜೆಯನ್ನು ಹೀಗೆ ಕಳೆದು ನೋಡಿ. ಅರ್ಧ ಗಂಟೆ ಮೊದಲೇ ಹೋಗಿ. ಬುತ್ತಿಯನ್ನು ಹೊರಗೇ ಮುಗಿಸಿ. ಮನೆಯಲ್ಲಿ ಹಿರಿಯ ಹೆಣ್ಣುಮಕ್ಕಳಿದ್ದರೆ "ನೀವು ನಾಟಕ ನೋಡೀರೇನು?" ಎಂದು ಒಮ್ಮೆ ಕೇಳಿ. ನಾನು ಇಪ್ಪತ್ತು ವರ್ಷ ಕೇಳಿರಲಿಲ್ಲ.